ಹದಿನೇಳನೆಯ ಸಾಲು

ಪುಟ್ಟಿಯ ಯೂನಿಫಾರ್ಮಿನ ಒಂದು ತೋಳಿಗೆ ಇಸ್ತ್ರಿ ಹಾಕಿ ಇನ್ನೊಂದನ್ನು ಹಾಸಿಕೊಳ್ಳುವಷ್ಟರಲ್ಲಿ ಹಿಂದಿನ ಶೆಡ್ಡಿನಿಂದ ಇವರು ಕರೆದರು.

"ಏನೇ, ಒಂದ್ನಿಮಿಷ ಬಾ ಇಲ್ಲಿ. ಮತ್ತೆ ಬಂದಿದೆ ನೋಡು."

ಏನು ಬಂದಿದೆ ಎಂದು ನಾನು ಕೇಳಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿ ಹೋದೆ.

ಇವರು ಬೋರ್ಡು ಬರೆಯುವವರು. ಅಂಗಡಿ, ಗ್ಯಾರೇಜು, ದವಾಖಾನೆ ಎಲ್ಲವಕ್ಕೂ ಇವರದೇ ಅಕ್ಷರ. ಶೆಡ್ಡಿನ ಗೋಡೆಗೆ ಒರಗಿಸಿದ್ದ ಬೋರ್ಡು ಆಳೆತ್ತರದ್ದು. ಹೊಳೆಯಾಚೆಯ ಬೋರ್ಡಿಂಗ್ ಶಾಲೆಯದು. ಹುಡುಗಿಯರು ಮಲಗುವ ಹಾಲಿನ ಬಾಗಿಲಲ್ಲಿ ಅದನ್ನು ತೂಗುಹಾಕುತ್ತಾರೆ. ಎಡಗಡೆ ಒಂದರಿಂದ ಮೂವತ್ತರವರೆಗೆ ಹಾಸಿಗೆಯ ನಂಬರು. ಪ್ರತಿಯೊಂದರ ಮುಂದೆ ಆ ವರ್ಷದ ಹುಡುಗಿಯ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಇವರು ಹಳೆಯ ಬಣ್ಣ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರಿನ ಮೇಲೆ ಹಸಿರು ಎರಡು ಕೋಟು ಬಳಿದಿದ್ದರು. ಹೊಸ ನಂಬರುಗಳನ್ನು ಇನ್ನೂ ಬರೆದಿರಲಿಲ್ಲ. ಆದರೂ ಆ ಖಾಲಿ ಹಸಿರಿನ ನಡುವೆ ಒಂದೇ ಒಂದು ನಂಬರು ಕೆಂಪಗೆ ಮೇಲೆದ್ದಿತ್ತು.

ಹದಿನೇಳು.

ಮೊನ್ನೆ ಬಂದಿತ್ತು, ಬಳಿದಿದ್ದರು. ನಿನ್ನೆ ಬಂದಿತ್ತು, ಕೆರೆದು ಬಳಿದಿದ್ದರು.

"ಹಳೇ ಕೆಂಪು ಅಂದ್ರೆ ಹಂಗೇ, ಕೆಳಗಿಂದ ಜಿನುಗುತ್ತೆ," ಎಂದರು ಇವರು, ಬ್ರಷ್ಷಿನ ಹಿಡಿಯಿಂದ ಕಿವಿ ಕೆರೆದುಕೊಳ್ಳುತ್ತಾ. "ಆದ್ರೆ ಜಿನುಗಿದ್ರೆ ಮೂವತ್ತೂ ಜಿನುಗ್ಬೇಕು. ಇದೊಂದಕ್ಕೇ ಏನು ಬಂತು?"

"ಇನ್ನೊಂದು ಕೋಟು ಹೊಡೀರಿ."

"ಹೊಡೀತೀನಿ. ಒಂಬತ್ತಕ್ಕೆ ಶಾಲೆ ಗುಮಾಸ್ತರು ಅಡ್ಮಿಷನ್ ಫಾರಂ ತಗೊಂಡ್ಹೋಗೋಕೆ ಬರ್ತಾರೆ. ಸೈನ್ ಹಾಕಿದ್ಯಾ?"

"ಹಾಲು ಒಲೆ ಮೇಲಿದೆ," ಎಂದು ಒಳಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಫಾರಂ ಉಪ್ಪಿನ ಡಬ್ಬಿಯ ಕೆಳಗಿತ್ತು. ಪುಟ್ಟಿಯ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ. ಬೋರ್ಡು ತರಲು ಹೋದಾಗ ಅಲ್ಲಿನ ವಾರ್ಡನ್, ನಿಮ್ಮ ಮಗಳಿಗೆ ಒಂದು ಸೀಟು ಇದೆ ಎಂದಿದ್ದರಂತೆ. ಇವರು ಅವತ್ತೇ ಸಹಿ ಹಾಕಿದ್ದರು. 'ಮನೆಯವರು ಯಾರಾದರೂ ಇಲ್ಲಿ ಓದಿದ್ದಾರೆಯೇ' ಎಂಬಲ್ಲಿ ತಮ್ಮ ಚೆಂದದ ಅಕ್ಷರದಲ್ಲಿ 'ಇಲ್ಲ' ಎಂದು ತುಂಬಿದ್ದರು. ಕೆಳಗೆ ತಾಯಿಯ ಸಹಿಗೆ ಬಿಟ್ಟ ಜಾಗವೊಂದೇ ಬಾಕಿ. ಪುಟ್ಟಿಗೆ ಇನ್ನೂ ಹೇಳಿರಲಿಲ್ಲ. ಆದರೆ ಮೂರು ದಿನದಿಂದ ಅವಳು ಏನನ್ನೋ ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಳ್ಳುತ್ತಿದ್ದಳು.

ಈಗ ಅವಳು ಅಡುಗೆಮನೆಯ ಮೇಜಿನ ಮುಂದೆ ನೋಟ್‌ಬುಕ್ಕು ಹರವಿಕೊಂಡು ಕೂತಿದ್ದಳು. ಬೋರ್ಡ್ ಅನ್ನುವ ಪದ ಎಲ್ಲೆಲ್ಲಿ ಸೇರಿಕೊಂಡಿದೆಯೋ ಹುಡುಕಿ ಇಪ್ಪತ್ತು ಬರೆದು ತನ್ನಿ ಎಂದು ಟೀಚರ್ ಹೇಳಿದ್ದರು. ಪೇಂಟರ್ ಮಗಳಿಗೆ ಇದೊಂದು ಕೆಲಸವೇ ಎಂದು ಮೊದಲ ದಿನ ಗತ್ತಿನಿಂದ ಶುರು ಮಾಡಿದ್ದಳು. ಬ್ಲಾಕ್‌ಬೋರ್ಡ್, ಸ್ವಿಚ್‌ಬೋರ್ಡ್, ಕೇರಂ ಬೋರ್ಡ್, ಕೀಬೋರ್ಡ್, ನಂಬರ್ ಬೋರ್ಡ್, ಕಪ್‌ಬೋರ್ಡ್.

"ಅಮ್ಮಾ, ಬೋರ್ಡ್ ಮೀಟಿಂಗ್ ಅಂದ್ರೆ ಹಲಗೆಗಳ ಮೀಟಿಂಗಾ?"

ಹಾಲಿಗೆ ಪಾತ್ರೆ ತೊಳೆಯುತ್ತಿದ್ದ ನನಗಿಂತ ಮೊದಲು, ಕೈ ಒರೆಸಿಕೊಳ್ಳುತ್ತಾ ಬಂದ ಇವರು ಹೇಳಿದರು. "ಹೆಚ್ಚುಕಮ್ಮಿ ಅದೇ. ಕೂತವರು ಮಾತಾಡಲ್ಲ, ಬರೀ ತಲೆ ಆಡಿಸ್ತಾರೆ."

"ಮದರ್‌ಬೋರ್ಡ್ ಅಂತಾನೂ ಇದೆ ಅಪ್ಪಾ. ಕಂಪ್ಯೂಟರ್ ಒಳಗೆ ಇರತ್ತಂತೆ. ಅದೊಂದು ಕೆಟ್ರೆ ಎಲ್ಲಾ ಆಫ್."

"ನಮ್ಮನೇಲೂ ಹಂಗೇನೇ, ಕೇಳು ಬೇಕಾದ್ರೆ." ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಆಮೇಲೆ ಏನೂ ತಿಳಿಯದವರ ಹಾಗೆ ಸೇರಿಸಿದರು. "ಒಂದು ನಾನು ಹೇಳ್ಲಾ? ಬೋರ್ಡಿಂಗ್."

ಅವಳ ಪೆನ್ಸಿಲು ನಿಂತಿತು. "ಜಾಗ ಇಲ್ಲ."

"ಯಾಕಿಲ್ಲ? ಹದಿನೇಳನೇದು ಖಾಲಿ ಇದೆಯಲ್ಲ."

ನಾನು ಬಗ್ಗಿ ನೋಡಿದೆ. ಉಳಿದ ಹತ್ತೊಂಬತ್ತು ಸಾಲೂ ತುಂಬಿದ್ದವು. ಹದಿನಾರರಲ್ಲಿ ಕಾರ್ಡ್‌ಬೋರ್ಡ್, ಹದಿನೆಂಟರಲ್ಲಿ ಸ್ಕೋರ್‌ಬೋರ್ಡ್. ನಡುವೆ ನಂಬರು ಮಾತ್ರ ಇತ್ತು.

"ಅದು ಖಾಲಿ ಅಲ್ಲ ಅಪ್ಪಾ," ಎಂದಳು ಪುಟ್ಟಿ. "ಅಲ್ಲಿ ಮಲಗಿದಾರೆ."

"ನೋಟ್‌ಬುಕ್ಕಲ್ಲಿ ಮಲಗಿದಾರಂತೆ. ಟೀಚರ್ ಬಂದು ಎಬ್ಬಿಸ್ತಾರೆ ತಾಳು." ಇವರು ನಗುತ್ತಾ ಶೆಡ್ಡಿಗೆ ಮರಳಿದರು.

ನಾನು ನಲ್ಲಿ ನಿಲ್ಲಿಸಿದೆ. "ಯಾರು ಮಲಗಿದಾರೆ, ಪುಟ್ಟಿ?"

"ಒಂದು ಹುಡುಗಿ. ಗೋಡೆ ಕಡೆ ಮುಖ ಮಾಡ್ಕೊಂಡು. ಮಿಕ್ಕಿದ ಹಾಸಿಗೆ ಎಲ್ಲಾ ಸುತ್ತಿಟ್ಟಿದಾರೆ."

"ಶೆಡ್ಡಿಗೆ ಹೋಗಿದ್ಯಾ? ಆ ಬೋರ್ಡು ನೋಡಿದ್ಯಾ?"

"ಇಲ್ಲಪ್ಪ. ಹಸಿ ಬಣ್ಣ ಮುಟ್ತೀಯ ಅಂತ ಅಪ್ಪ ಬಿಡೋದೇ ಇಲ್ಲ." ಮತ್ತೆ ಬಾಯಿ ತೆರೆದಳು, ನನ್ನನ್ನು ನೋಡಿದಳು, ಪೆನ್ಸಿಲಿನ ತುದಿ ಕಚ್ಚಿದಳು.

ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ ಎಂದು ಮದುವೆಗೆ ಮುಂಚೆ ಇವರಿಗೆ ಹೇಳಿದ್ದೆ. ಅದು ಹನ್ನೆರಡನೆಯ ವಯಸ್ಸಿನ ನಂತರದ ಮಾತು. ಅದಕ್ಕೆ ಮೊದಲು ಮೂರು ವರ್ಷ ಹೊಳೆಯಾಚೆಯ ಆ ಹಾಲಿನಲ್ಲಿದ್ದೆ, ಗೋಡೆಯ ಪಕ್ಕದ ಹದಿನೇಳನೆಯ ಹಾಸಿಗೆಯಲ್ಲಿ. ರಜೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿಹೋಗಿದ್ದರು. ರಜೆ ಬಂತು, ಅಪ್ಪ ಬರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಹಾಸಿಗೆ ಸುತ್ತಿಟ್ಟು ಹೋದರು. ಮುಂದಿನ ರಜೆಗೂ ಹಾಗೇ. ಅದರ ಮುಂದಿನದಕ್ಕೂ. ಖಾಲಿ ಹಾಲಿನ ಬಾಗಿಲಲ್ಲಿ ನಿಂತು ಅಡುಗೆಯವರು, "ಹದಿನೇಳು, ಊಟ," ಎಂದು ಕೂಗುತ್ತಿದ್ದರು. ಕೆಟ್ಟವರೇನಲ್ಲ, ಯಾರೂ ಹೊಡೆಯಲಿಲ್ಲ. ಆದರೆ ಕೊನೆಗೆ ಯಾರಾದರೂ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದಿರಬೇಕು ಎಂದು ನಾನೇ ಹಿಂದೆ ತಿರುಗಿ ನೋಡುತ್ತಿದ್ದೆ.

ಇದನ್ನು ಇವರಿಗೆ ಹೇಳಲು ಹತ್ತು ವರ್ಷದಲ್ಲಿ ನೂರು ಸಂದರ್ಭ ಬಂದಿತ್ತು. ಮುಚ್ಚಿಟ್ಟೆ ಅನ್ನುವುದಕ್ಕಿಂತ, ಹೇಳಿದರೆ ಆ ಹುಡುಗಿ ಎದ್ದು ನಮ್ಮ ಮನೆಗೇ ಬಂದುಬಿಡುತ್ತಾಳೆ ಎಂದು ಹೆದರಿದ್ದೆ.

ಹಾಲು ಕಾಯಿಸಿ ಪುಟ್ಟಿಗೆ ಕೊಟ್ಟು, ಇಸ್ತ್ರಿಗೆ ಮರಳಿದೆ. ಎಂಟೂಮುಕ್ಕಾಲು. ಎರಡನೆಯ ತೋಳು ಮುಗಿಸಿ ಕಾಲರು ಮಗುಚಿದೆ. ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಉಳಿಯಿತು.

ಕಾಲರಿನ ಒಳಗೆ ಕೆಂಪು ದಾರದಲ್ಲಿ ಪುಟ್ಟದಾಗಿ ಹೊಲಿದಿತ್ತು, ಹದಿನೇಳು. ಅಗಸರಲ್ಲಿ ಬಟ್ಟೆ ಬದಲಾಗದಿರಲಿ ಎಂದು ಅಲ್ಲಿ ನಮ್ಮೆಲ್ಲರ ಕಾಲರಿಗೂ ಹೀಗೆ ನಂಬರು ಹಾಕಿಸುತ್ತಿದ್ದರು. ಅವರವರದ್ದು ಅವರವರೇ ಹೊಲಿಯಬೇಕು. ಪುಟ್ಟಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಇವರು ಒಂದು ಗುಂಡಿಯನ್ನೂ ಹೊಲಿದವರಲ್ಲ. ಹೊಲಿಗೆ ಮಗುಚಿ ನೋಡಿದೆ. ಕೊನೆಯಲ್ಲಿ ದಾರ ಎರಡು ಸಲ ಸುತ್ತಿ, ಒಳಗೆ ತೂರಿಸಿ ಎಳೆದ ಗಂಟು. ಅದು ನನ್ನ ಗಂಟು. ಈ ಮನೆಯಲ್ಲಿ ಹಾಗೆ ಗಂಟು ಹಾಕುವವಳು ನಾನೊಬ್ಬಳೇ. ಮನೆಯಲ್ಲಿ ಕೆಂಪು ದಾರವೇ ಇರಲಿಲ್ಲ.

ಕತ್ತರಿ ತಂದು ಬಿಚ್ಚೋಣವೆಂದುಕೊಂಡೆ. ಬದಲಿಗೆ ಎಡಗೈ ಹೆಬ್ಬೆರಳಿನಿಂದ ನಂಬರನ್ನು ಮುಚ್ಚಿದೆ.

ಗೇಟಿನ ಹೊರಗೆ ಸ್ಕೂಟರೊಂದು ನಿಂತ ಸದ್ದಾಯಿತು. ಇವರು ಹಸಿರು ಮೆತ್ತಿದ ಬ್ರಷ್ಷು ಹಿಡಿದೇ ಒಳಗೆ ಬಂದರು. ಇನ್ನೊಂದು ಕೈಯಲ್ಲಿ ಉಪ್ಪಿನ ಡಬ್ಬಿಯ ಕೆಳಗಿದ್ದ ಫಾರಂ.

"ಗುಮಾಸ್ತರು ಬಂದ್ರು ಕಣೇ. ನಂಬರೂ ಹೋಯ್ತು, ನೋಡು ಬೇಕಾದ್ರೆ, ಗುರುತೇ ಇಲ್ಲ. ಬೇಗ ಒಂದು ಸೈನ್ ಎಳಿ."

"ರೀ, ಒಂದು ಮಾತು..."

"ಆಮೇಲೆ ಹೇಳುವಂತೆ. ಪಾಪ, ಬಿಸಿಲಲ್ಲಿ ನಿಂತಿದಾರೆ." ಫಾರಮ್ಮನ್ನು ಇಸ್ತ್ರಿ ಹಾಕುವ ಕಂಬಳಿಯ ಮೇಲಿಟ್ಟು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು.

ಪೆನ್ನು ತೆಗೆದುಕೊಂಡೆ. ಎಡಗೈ ಹೆಬ್ಬೆರಳು ಕಾಲರಿನ ಮೇಲೆಯೇ ಇತ್ತು. ಅಷ್ಟರಲ್ಲಿ ಪುಟ್ಟಿ ಬರೀ ಪೆಟಿಕೋಟಿನಲ್ಲಿ ಯೂನಿಫಾರ್ಮು ತೆಗೆದುಕೊಳ್ಳಲು ಬಂದಳು. ಫಾರಮ್ಮಿನ ಮೇಲಿನ ಶಾಲೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಅವಸರಪಡಲಿಲ್ಲ. ಆಮೇಲೆ ನನ್ನ ಹೆಬ್ಬೆರಳನ್ನು, ಗಾಯದ ಮೇಲಿನ ಪಟ್ಟಿ ತೆಗೆಯುವಷ್ಟು ಮೆತ್ತಗೆ, ಎತ್ತಿ ಪಕ್ಕಕ್ಕಿಟ್ಟು, ಕೆಂಪು ಹೊಲಿಗೆಯನ್ನು ನೋಡಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ.

"ಅಮ್ಮಾ, ನನ್ನನ್ನೂ ಅಲ್ಲಿ ಬಿಟ್ಟು ಬರ್ತೀರಾ?"

ಇವರ ಬ್ರಷ್ಷಿನಿಂದ ಹಸಿರು ಬಣ್ಣ ನೆಲಕ್ಕೆ ತೊಟ್ಟಿಕ್ಕಿತು. "ನನ್ನನ್ನೂ ಅಂದ್ರೆ?" ಎಂದರು. ಅವಳನ್ನಲ್ಲ, ನನ್ನನ್ನು ನೋಡುತ್ತಾ.