ತಿರುವಿನಲ್ಲಿ ಮೆತ್ತನೆಯ ನೆಲ

ಬಿಸಿ ಡಾಂಬರು ಹೊತ್ತ ಮೂರು ಲಾರಿಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ತಿರುವಿನಲ್ಲಿ ಹಿಮ್ಮುಖವಾಗಿ ಬರುವಾಗ ಚಕ್ರದಡಿಯ ಜಲ್ಲಿಹಾಸು ತಗ್ಗಿ ಮತ್ತೆ ಉಬ್ಬಿದ್ದನ್ನು ಅಕ್ಕ ಕಂಡಳು. ಆ ರಸ್ತೆಯ ವಿನ್ಯಾಸ ಮಾಡಿದ ಎಂಜಿನಿಯರ್ ಅವಳೇ. ಡಾಂಬರು ಹಾಕಿಸುವ ಹೊಣೆ ಅವಳ ತಮ್ಮನದು.

“ನಿಲ್ಸಿ! ಇಲ್ಲಿ ಹಾಕ್ಬೇಡಿ!”

ತಮ್ಮ ಓಡಿಬಂದ. “ಏನಕ್ಕಾ ನಿಂದು? ಮಾಲು ಆರ್ತಾ ಇದೆ. ಆರಿದ್ಮೇಲೆ ಆನೆ ತುಳಿದ್ರೂ ಅದು ಕೂರಲ್ಲ.”

“ಅಡಿಯಲ್ಲಿ ನೆಲ ಮೆತ್ತಗಾಗಿದೆ ಕಣೋ. ಡಾಂಬರೇನು ಕಲ್ಲುಚಪ್ಪಡಿನಾ? ಕೆಳಗಿನದು ಬಾಗಿದ ಹಾಗೆ ಅದೂ ಬಾಗುತ್ತೆ, ಆಮೇಲೆ ಬಿರುಕು ಬಿಡುತ್ತೆ. ಮೊದಲು ಅಗೆದು ನೋಡೋಣ.”

“ಊಟಕ್ಕೆ ಕೂತ ಮೇಲೆ ಒಲೆ ಹಚ್ಚಿದ ಹಾಗಾಯ್ತು!”

ಕೆಲಸದವರು ಸಲಿಕೆ ಊರಿಕೊಂಡು ಇಬ್ಬರ ಮುಖ ನೋಡುತ್ತಿದ್ದರು. ಎಲ್ಲರೆದುರು ಹೇಳಿಸಿಕೊಂಡದ್ದಕ್ಕೆ ತಮ್ಮನ ಮೈ ಉರಿಯಿತು.

“ರೋಲರ್ ಓಡಿಸಿ ತೋರಿಸ್ತೀನಿ. ನೆಲ ತಡ್ಕೊಂಡ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು.”

ರೋಲರ್ ಚಾಲಕ ಒಲ್ಲೆನೆಂದು ತಲೆಯಾಡಿಸಿ ಕೆಳಗಿಳಿದ. ತಮ್ಮ ತಾನೇ ಹತ್ತಿ ಕುಳಿತ.

“ಬೇಡ ಕಣೋ, ಇಳಿಯೋ!”

ರೋಲರ್ ಗುಡುಗುಡು ಸದ್ದು ಮಾಡುತ್ತ ತಿರುವಿಗೆ ಬಂತು. ಅರ್ಧ ದಾಟಿತು. ಗೆದ್ದೆನೆಂಬಂತೆ ಅವನು ತಿರುಗಿ ನೋಡಿದ. ಅಷ್ಟರಲ್ಲಿ ಮುಂದಿನ ಗಾಲಿಯ ಒಂದು ಪಕ್ಕ ಕುಸಿದು, ಇಡೀ ಯಂತ್ರ ಚರಂಡಿಯ ಕಡೆ ವಾಲಿತು. ಅವನು ಅದೇ ಕಡೆ ಹಾರಲು ಕಾಲೆತ್ತಿದ.

“ಆ ಕಡೆ ಬೇಡ! ಅದರಡಿ ಸಿಕ್ಕೊಳ್ತೀಯ! ನನ್ನ ಕಡೆ ಬಾ!”

ಅವನು ಮರಗಟ್ಟಿ ಕುಳಿತುಬಿಟ್ಟ. ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು, ಅವನ ತೋಳು ಹಿಡಿದು, ಇದ್ದಬದ್ದ ಬಲವೆಲ್ಲ ಹಾಕಿ ಎಳೆದಳು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ರೋಲರ್ ಇನ್ನಷ್ಟು ವಾಲಿ, ಚರಂಡಿಯ ಗೋಡೆಗೆ ಒರಗಿ ನಿಂತಿತು. ಗಾಲಿಯಡಿಯಿಂದ ಕೆಸರುನೀರು ಉಕ್ಕತೊಡಗಿತು. ಹಿಂದೆ ವಿನ್ಯಾಸಕ್ಕೆಂದು ಅವಳು ಪರೀಕ್ಷಿಸಿದಾಗ ಅಲ್ಲಿ ನೆಲ ಗಟ್ಟಿಯಾಗಿಯೇ ಇತ್ತು. ಆಮೇಲೆ ಯಾವಾಗಲೋ ನೆಲದಡಿಯ ನೀರಿನ ಕೊಳವೆ ಒಡೆದು, ಮಣ್ಣನ್ನು ಒಳಗೊಳಗೇ ಕೊರೆದಿತ್ತು.

ಅವಳು ಎದ್ದಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. “ಲಾರಿಗಳನ್ನ ಆ ತುದಿಗೆ ಕಳ್ಸಿ, ಅಲ್ಲಿ ನೆಲ ಗಟ್ಟಿಯಿದೆ. ಇನ್ನೊಂದು ರೋಲರ್ ತಗೊಂಡು ಹೋಗಿ, ಬೇಗ!”

ಎರಡು ಲಾರಿ ಮಾಲು ಬಿಸಿಯಿರುವಾಗಲೇ ಕೂತಿತು. ಮೂರನೆಯದು ಆರಿ ಗಡ್ಡೆಗಟ್ಟಿತು; ಅದನ್ನು ಸುರಿದುಬಿಡಬೇಕಾಯಿತು.

ಸಂಜೆ ಅಕ್ಕ ತಮ್ಮ ಮನೆಗೆ ಬಂದರು. ಇಬ್ಬರ ಹರಿದ ಬಟ್ಟೆ ನೋಡಿ ಅಮ್ಮ ಕೇಳಿದಳು: “ಈ ವಯಸ್ಸಲ್ಲೂ ಹೊಡೆದಾಡ್ಕೊಂಡ್ರಾ?”

ಅಕ್ಕ ನಕ್ಕಳು. ಅವನು ನಗಲಿಲ್ಲ. ಅವಳ ಮೊಣಕೈಗೆ ಹತ್ತಿ ಒತ್ತುತ್ತ, “ನಾಳೆ ಎಷ್ಟು ಆಳ ಅಗೀಬೇಕು ಹೇಳು,” ಎಂದ.