ಗಟ್ಟಿಯಾಗುವವರೆಗೆ

"ಕಾಲು ಕೊಡು ಅಂದ್ರೆ ಪ್ರಾಣ ಕೇಳಿದ ಹಾಗೆ ಆಡ್ತೀಯಲ್ಲ. ಚಿನ್ನದ್ದೇನೇ ನಿನ್ನ ಕಾಲು? ಹತ್ತು ಮೇಲೆ."

ದೊಡ್ಡ ಡಾಕ್ಟರ ಮಾತಿಗೆ ತರಬೇತಿ ಕೋಣೆಯಲ್ಲಿದ್ದ ನರ್ಸುಗಳೆಲ್ಲ ನಕ್ಕರು. ನಗದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕಂಬದಕ್ಕನೂ ನಕ್ಕಳು. ತನ್ನನ್ನು ಕುರಿತ ನಗೆಯಲ್ಲಿ ತಾನೇ ಹಿಂದೆ ಬೀಳುವುದು ಅವಳ ಜಾಯಮಾನವಲ್ಲ. ಸಮವಸ್ತ್ರದ ಪ್ಯಾಂಟನ್ನು ತೊಡೆಯವರೆಗೆ ಸುರುಟಿಕೊಂಡು, ಮೇಜು ಹತ್ತಿ, ಬಲಗಾಲನ್ನು ಸಭೆಯೆದುರು ನೀಡಿ ಕೂತಳು. ಊದಿದ ಮಂಡಿ, ಉಬ್ಬಿದ ನರ, ಒಡೆದ ಹಿಮ್ಮಡಿ. ಇಷ್ಟು ಜನ ಒಟ್ಟಾಗಿ ತನ್ನ ಕಾಲನ್ನು ನೋಡಿದ್ದು ಇದೇ ಮೊದಲು. ಮದುವೆಯಲ್ಲೂ ಇಷ್ಟು ಆಸಕ್ತಿ ಕಂಡಿರಲಿಲ್ಲ ಎಂದುಕೊಂಡಳು.

ಮೂಳೆ ಮತ್ತು ಕೀಲಿನ ಆರೈಕೆಯ ಮರುತರಬೇತಿ ಅದು. ಮುಗಿಸದಿದ್ದರೆ ನರ್ಸುಗಳ ನೋಂದಣಿ ನವೀಕರಣವಿಲ್ಲ. ಮುಗಿಸಬೇಕಾದದ್ದು ವಾರದ ರಜೆಯಲ್ಲಿ. ತರಬೇತಿಗೆಂದು ತರಿಸಿದ ಬೊಂಬೆ ಕಾಲೊಂದು ಗಾಜಿನ ಬೀರುವಿನಲ್ಲಿ ಬೀಗದೊಳಗೆ ನಿಂತಿತ್ತು. ಅದಕ್ಕೆ ಪ್ಲಾಸ್ಟರ್ ಹಾಕಿದರೆ ಹೊಲಸಾಗುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಲಾಗುವುದಿಲ್ಲ. ಹೊಲಸಾದರೂ ಚಿಂತೆಯಿಲ್ಲದ ಕಾಲುಗಳು ಆಸ್ಪತ್ರೆಯಲ್ಲಿ ಬೇಕಾದಷ್ಟಿದ್ದವು.

"ನಿಂತು ಕೆಲಸ ಮಾಡೋರಿಗೆ ಮಂಡಿ ಸವೆತ ಜಾಸ್ತಿ," ದೊಡ್ಡ ಡಾಕ್ಟರು ಪರದೆಯ ಚಿತ್ರ ತೋರಿಸಿದರು. "ಅಂಥವ್ರಿಗೆ ನೀವೇ ತಿಳಿಹೇಳ್ಬೇಕು. ನಡುನಡುವೆ ಕೂತ್ಕೊಳ್ಳಿ, ಕಾಲಿಗೆ ವಿಶ್ರಾಂತಿ ಕೊಡಿ ಅಂತ."

ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದ ನರ್ಸುಗಳು ಕಾಲು ಬದಲಿಸಿಕೊಂಡು ಅದನ್ನು ಬರೆದುಕೊಂಡರು. ಮೂಳೆ ವಾರ್ಡಿನಲ್ಲೇ ಇರುವ, ಎಲ್ಲರೂ ಮಾತಿನಮಲ್ಲಿ ಎಂದು ಕರೆಯುವ ನರ್ಸು ನೀರಿನ ಬೋಗುಣಿ ಹಿಡಿದು ಮೇಜಿನ ಬಳಿ ಬಂದವಳು ಪಿಸುಗುಟ್ಟಿದಳು:

"ಅಕ್ಕಾ, ಇವನ ಬಾಯಿಗೊಂದು ಪಟ್ಟಿ ಸುತ್ಲಾ?"

"ಸುಮ್ನಿರೇ. ನನ್ನ ಕಾಲಿರೋದು ಅವನ ಕೈಯಲ್ಲಿ."

ಒದ್ದೆ ಪಟ್ಟಿ ತೊಡೆಯಿಂದ ಪಾದದವರೆಗೆ ಸುತ್ತುತ್ತ ಇಳಿಯಿತು. "ಅಲುಗಾಡಬೇಡ. ಈಗ ಬಿಸಿ ಹತ್ತುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಗಟ್ಟಿಯಾಗೋವರೆಗೆ ಅಲುಗಾಡಬಾರ್ದು," ಎಂದರು ಡಾಕ್ಟರು. ನೂರಾರು ರೋಗಿಗಳಿಗೆ ಅವಳೇ ಹೇಳಿದ ಮಾತು. ಆದರೆ ಆ ಬಿಸಿಯನ್ನು ಅವಳು ಬಲ್ಲವಳಾಗಿರಲಿಲ್ಲ. ಯಾರೋ ಎರಡು ಅಂಗೈಗಳಲ್ಲಿ ಮಂಡಿಯನ್ನು ಹಿಡಿದುಕೊಂಡು, ಏನೂ ಕೇಳದೆ, ಸುಮ್ಮನೆ ಕೂತಂತಿತ್ತು. ನೋವು ಎದ್ದು ಹೊರಗೆ ಹೋಯಿತು. ಅದು ಹೋದ ಮೇಲೆಯೇ ಇಷ್ಟು ವರ್ಷ ಅದು ತನ್ನೊಳಗೆ ಬಾಡಿಗೆಗಿತ್ತೆಂಬುದು ಅವಳಿಗೆ ಸರಿಯಾಗಿ ತಿಳಿದದ್ದು.

"ಬರೋ ವಾರದೊಳಗೆ ಪ್ರತಿಯೊಬ್ಬಳೂ ಒಂದು ಕಾಲಿಗೆ ಹಾಕಿ ತೋರಿಸ್ಬೇಕು. ಇಲ್ದಿದ್ರೆ ನಾನು ಸಹಿ ಹಾಕಲ್ಲ," ಡಾಕ್ಟರು ಕೈ ತೊಳೆದುಕೊಂಡರು.

"ಯಾರ ಕಾಲಿಗೆ ಸಾರ್?" ಕೇಳಿದಳು ಮಾತಿನಮಲ್ಲಿ.

"ನಿಮ್ಮನಿಮ್ಮಲ್ಲೇ ಯಾರದ್ದಾದ್ರೂ ನೋಡ್ಕೊಳ್ಳಿ. ಬೊಂಬೆ ಮುಟ್ಟಿದ್ರೆ ಜೋಕೆ."

ಪ್ಲಾಸ್ಟರ್ ಕತ್ತರಿಸುವ ಗರಗಸ ಬೇರೆ ಕೋಣೆಯಲ್ಲಿತ್ತು. ಕೋಣೆಗೆ ಬೀಗ, ಬೀಗದ ಕೈ ಪ್ಲಾಸ್ಟರಿನವನ ಜೇಬಿನಲ್ಲಿ, ಭಾನುವಾರವಾದ್ದರಿಂದ ಜೇಬು ಅವನ ಮನೆಯಲ್ಲಿ. "ನಾಳೆ ಬಿಚ್ಚಿಸ್ಕೋ. ಒಂದು ರಾತ್ರಿಗೆ ಸಾಯಲ್ಲ," ಎಂದು ಡಾಕ್ಟರು ಹೊರಟುಹೋದರು.

ಕಂಬದಕ್ಕ ಊರುಗೋಲು ಕಂಕುಳಿಗಿಟ್ಟುಕೊಂಡು ಮೇಟ್ರನ್ ಬಳಿ ಹೋದಳು.

"ನಾಳೆ ಒಂದು ದಿನ ರಜೆ ಕೊಡಿ ಮೇಡಂ."

"ಮೂಳೆ ಮುರಿದಿದ್ಯಾ?"

"ಇಲ್ಲ."

"ಮತ್ತೆ ಯಾವ ಬಾಯಲ್ಲಿ ರಜೆ ಕೇಳ್ತೀಯ? ಮುರಿದು ಬಾ, ಕೊಡ್ತೀನಿ."

ಇದೇ ಮೇಟ್ರನ್ ಬಳಿ ಅವಳು ಹಿಂದೆಯೂ ಒಂದು ಬೇಡಿಕೆ ಇಟ್ಟಿದ್ದಳು. ವಾರ್ಡಿನಲ್ಲಿ ನರ್ಸುಗಳು ಬರೆಯುವ ಎತ್ತರದ ಕಟ್ಟೆಯ ಹಿಂದೆ ಮೊದಲು ಎರಡು ಸ್ಟೂಲುಗಳಿದ್ದವು. ಒಮ್ಮೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರ ಕಣ್ಣಿಗೆ ಕೂತಿದ್ದ ನರ್ಸೊಬ್ಬಳು ಬಿದ್ದಳು. "ಕೂತ ನರ್ಸು, ಸತ್ತ ಪೇಷಂಟು" ಎಂದು ಅವರು ಗಾದೆ ಕಟ್ಟಿದರು. ಸ್ಟೂಲುಗಳು ಅಂದೇ ಎತ್ತಂಗಡಿಯಾದವು. ಅಂದಿನಿಂದ ಕಟ್ಟೆಯ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ಬರೆಯುತ್ತ ಅವಳು ಕಂಬದಕ್ಕನಾದಳು. ಒಂದು ಸ್ಟೂಲು ಕೇಳಿದ್ದಕ್ಕೆ ಮೇಟ್ರನ್ ನಕ್ಕು, "ಮೂಳೆ ವಾರ್ಡಲ್ಲಿದ್ದು ಮಂಡಿ ನೋವು ಅಂತೀಯಲ್ಲ. ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ," ಎಂದಿದ್ದಳು. ಆ ಗಾದೆ ಕಂಬದಕ್ಕನಿಗೂ ಇಷ್ಟವಾಗಿ, ತಾನೇ ವಾರ್ಡೆಲ್ಲ ಹೇಳಿಕೊಂಡು ನಗಿಸಿದ್ದಳು. ನಗಿಸುವುದಕ್ಕೆ ಕಾರಣವೂ ಇತ್ತು. ಸೊಂಟ ಹಿಡಿದ ಹಿರಿಯ ನರ್ಸೊಬ್ಬಳನ್ನು ಕೆಲಸಕ್ಕೆ ಬಾರದವಳೆಂದು ಮನೆಗೆ ಕಳಿಸಿದ್ದರು. ಮಂಡಿ ಕೈಕೊಟ್ಟ ದಿನ ತನ್ನ ಕೆಲಸವೂ ಹೋಗುತ್ತದೆ. ಕುಂಟುವವಳನ್ನು ಜನ ನೋಡುತ್ತಾರೆ. ನಗಿಸುತ್ತ ಕುಂಟುವವಳ ಬಾಯಿಯನ್ನಷ್ಟೇ ನೋಡುತ್ತಾರೆ.

ಅವತ್ತು ಬಸ್ಸಿನಲ್ಲಿ ಯಾರೋ ಎದ್ದು ಜಾಗ ಕೊಟ್ಟರು. ಮನೆಯಲ್ಲಿ, ಗಾಡಿ ತೊಳೆಯುವ ಕೆಲಸದಿಂದ ಆಗಷ್ಟೇ ಬಂದಿದ್ದ ಗಂಡ ಗಾಬರಿಯಾಗಿ ಕಾಲಡಿಗೆ ದಿಂಬಿಟ್ಟ. ಚಹಾ ಕಾಸಿದ. ಲೋಟ ಕೈಗೆ ಕೊಡುವಾಗ ಕೇಳಿದ:

"ಎಲ್ಲಿ ಬಿದ್ದೆ?"

"ಬಿದ್ದಿಲ್ಲ ಕಣ್ರೀ. ಕಲಿಸೋಕೆ ಅಂತ ಸುಮ್ನೆ ಹಾಕಿದ್ರು."

ಲೋಟ ಗಾಳಿಯಲ್ಲೇ ನಿಂತಿತು. "ಹಂಗಾದ್ರೆ ಅಡುಗೆ?"

ಸುಳ್ಳು ಹೇಳಲೂ ಬಾರದ ದರಿದ್ರ ನಾಲಿಗೆ ಎಂದು ತನ್ನನ್ನೇ ಬೈದುಕೊಂಡು ಅವಳು ಒಂಟಿಗಾಲಲ್ಲಿ ಒಲೆಯ ಮುಂದೆ ನಿಂತಳು. ಕೊಕ್ಕರೆಯೂ ಹೀಗೆ ನಿಲ್ಲುತ್ತದೆ, ಆದರೆ ಅದಕ್ಕೆ ಮೀನಾದರೂ ಸಿಗುತ್ತದೆ.

ಮರುದಿನ ಬೆಳಿಗ್ಗೆ ಕಾಲ್ಬೆರಳುಗಳ ಬಣ್ಣ ನೋಡಿಕೊಂಡಳು, ಮುಟ್ಟಿ ಬಿಸಿ ನೋಡಿಕೊಂಡಳು, ಅಲುಗಿಸಿದಳು. ಪಟ್ಟಿ ಹಾಕಿದ ಕಾಲಲ್ಲಿ ನೋಡಬೇಕೆಂದು ಕಲಿತದ್ದೆಲ್ಲ ಸರಿಯಾಗಿತ್ತು. ವಾರ್ಡಿಗೆ ಕಾಲಿಟ್ಟದ್ದೇ ತಡ, ಮಗನ ಮಂಚದ ಬಳಿ ಕೂತಿದ್ದ ಮುದುಕಿಯೊಬ್ಬಳು ಎದ್ದು ತನ್ನ ಕುರ್ಚಿಯನ್ನು ದರದರ ಎಳೆದು ತಂದಳು.

"ಅಯ್ಯೋ ತಾಯಿ, ನಿಂಗೂ ಸಿಮೆಂಟ್ ಪಟ್ಟಿಯಾ? ಕೂತ್ಕೊ."

"ಇದು ನಿಜವಾದದ್ದಲ್ಲಜ್ಜಿ."

"ಪಟ್ಟಿ ಸುಳ್ಳಿರಬೌದು. ಕಾಲು ನಿಂದೇ ತಾನೆ? ಕೂತ್ಕೊ."

ಕಂಬದಕ್ಕ ಕೂತಳು. ಕೂತು ಮಾತ್ರೆ ಹಂಚಿದಳು, ಕೂತು ಬರೆದಳು. ದಿನವೂ ಚಿಟಿಕೆ ಹೊಡೆದು "ಏ ಸಿಸ್ಟರ್" ಎಂದು ಕರೆಯುತ್ತಿದ್ದ ರೋಗಿ "ನೀವು ಎದ್ದು ಬರ್ಬೇಡಿ, ಬೇಕಾದ್ರೆ ನಾನೇ ಯಾರನ್ನಾದ್ರೂ ಕಳಿಸ್ತೀನಿ" ಎಂದ. ಯಾರೂ ಸಾಯಲಿಲ್ಲ. ಡಾಕ್ಟರ ಗಾದೆ ಸುಳ್ಳಾದದ್ದಕ್ಕೆ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು. ಇಷ್ಟು ವರ್ಷ ಕಂಬವನ್ನು ತಾನೇ ಹಿಡಿದು ನಿಲ್ಲಿಸಿದ್ದೇನೆಂದು ನಂಬಿದ್ದಳಲ್ಲ.

ಪ್ಲಾಸ್ಟರಿನವನು ಗರಗಸದ ತಂತಿಯನ್ನು ಗೋಡೆಗೆ ಚುಚ್ಚಿ, ಅವಳ ಕಾಲಿನ ಬಳಿ ಕುಕ್ಕರಗಾಲಲ್ಲಿ ಕೂತ ಹೊತ್ತಿಗೇ ರೌಂಡ್ಸ್ ಬಂದಿತು. ಮುಂದೆ ದೊಡ್ಡ ಡಾಕ್ಟರು, ಹಿಂದೆ ಮೇಟ್ರನ್.

"ಓಹೋ, ಮಹಾರಾಣಿ ಸಿಂಹಾಸನ ಏರಿದ್ದಾಳೆ. ಎದ್ದೇಳೇ. ಇದೇನು ನಿಮ್ಮಪ್ಪನ ಮನೆ ಜಗಲಿಯಾ?"

ಏಳುವ ಅಭ್ಯಾಸ ಅವಳ ಕೈಯನ್ನು ಊರುಗೋಲಿನತ್ತ ಕೊಂಡೊಯ್ದಿತು. ಆದರೆ ಪ್ಲಾಸ್ಟರು ಹಾಕಿದ ಕಾಲು, ಹೇಳಿದ ಮಾತು ಕೇಳದ ಸೊಸೆಯ ಹಾಗೆ, ಮುಂದಕ್ಕೆ ಚಾಚಿ ಕೂತೇ ಇತ್ತು. ಅದನ್ನು ನೋಡಿ ಅವಳಿಗೆ ನಗು ಬಂತು. ತನ್ನ ಮೈಯಲ್ಲಿ ಧೈರ್ಯವಿರುವುದು ಆ ಒಂದು ಕಾಲಿಗೆ ಮಾತ್ರ.

"ಸಾರ್, ಕಟ್ಟೆ ಹತ್ರ ಸ್ಟೂಲು ಹಾಕಿಸ್ಕೊಡಿ. ಬಿಚ್ಚಿಸ್ಕೊಂಡು ಎದ್ದೇಳ್ತೀನಿ."

"ಕಾಲು ನೆಟ್ಟಗಿರೋಳಿಗೆ ಸ್ಟೂಲು ಯಾಕೆ?"

"ಹಂಗಾದ್ರೆ ಬಿಚ್ಚಿಸ್ಕೊಳ್ಳಲ್ಲ."

ಮಾತು ತನ್ನ ಬಾಯಿಂದಲೇ ಬಂದದ್ದೆಂದು ಖಚಿತಪಡಿಸಿಕೊಳ್ಳಲು ಅವಳೇ ಒಮ್ಮೆ ಸುತ್ತ ನೋಡಿದಳು.

"ಏನೋ ನೋಡ್ತೀಯ? ಕತ್ತರಿಸೋ," ಡಾಕ್ಟರು ಪ್ಲಾಸ್ಟರಿನವನ ಮೇಲೆ ಹರಿಹಾಯ್ದರು.

ಅವನು ಗರಗಸವನ್ನು ಎತ್ತಿ ನೋಡಿದ, ಅವಳ ಮುಖ ನೋಡಿದ, ಗರಗಸವನ್ನು ನೆಲಕ್ಕಿಟ್ಟ. "ಕರೆಂಟಿಲ್ಲ ಸಾರ್."

ಅವನ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

"ಅಹಂಕಾರ ನೋಡಿ ಸಾರ್ ಈ ಮುಂಡೇವಕ್ಕೆ," ಎಂದಳು ಮೇಟ್ರನ್. ಆಗಲೇ ನೀರು ಚಿಮ್ಮಿದ ಸದ್ದಾಯಿತು. ಮಾತಿನಮಲ್ಲಿ ಬೋಗುಣಿಯಲ್ಲಿ ಪಟ್ಟಿ ಅದ್ದಿ, ಬಕೀಟು ಬೋರಲು ಹಾಕಿ ಅದರ ಮೇಲೆ ಕೂತು, ತನ್ನ ಕಾಲನ್ನು ಕಂಬದಕ್ಕನ ತೊಡೆಯ ಮೇಲಿಟ್ಟಳು.

"ಏನೇ ಇದು?"

"ತರಬೇತಿ ಸಾರ್. ಎಲ್ರೂ ಹಾಕಿ ತೋರಿಸ್ಬೇಕು ಅಂದ್ರಲ್ಲ. ಅಕ್ಕ ನಂಗೆ ಹಾಕ್ತಾಳೆ, ನಾನು ಅವಳಿಗೆ ಹಾಕ್ತೀನಿ," ಎಂದು ಔಷಧಿ ಗಾಡಿಯ ಬಳಿಯಿದ್ದ ನರ್ಸನ್ನು ತೋರಿಸಿದಳು. ಆ ನರ್ಸು ಆಗಲೇ ಗಾಡಿಯನ್ನು ಗೋಡೆಗೆ ತಳ್ಳಿ, ಪ್ಯಾಂಟು ಸುರುಟಿಕೊಳ್ಳುತ್ತಿದ್ದಳು.

"ಎಲ್ಲರನ್ನೂ ಇವತ್ತೇ ಮನೆಗೆ ಕಳಿಸ್ತೀನಿ. ಒಬ್ಬಳನ್ನೂ ಬಿಡಲ್ಲ," ಎಂದರು ಡಾಕ್ಟರು.

ಕಳಿಸುವವರೇ. ಅದರಲ್ಲಿ ಕಂಬದಕ್ಕನಿಗೆ ಅನುಮಾನವಿರಲಿಲ್ಲ. ರಾತ್ರಿ ಗಂಡ ಅಡುಗೆಯನ್ನು ಕೇಳುತ್ತಾನೆ, ನಾಳೆ ಮನೆಯೊಡೆಯ ಬಾಡಿಗೆ ಕೇಳುತ್ತಾನೆ. ಕೈ ಮಾತ್ರ ಒದ್ದೆ ಪಟ್ಟಿಯನ್ನು ಸುಕ್ಕಿಲ್ಲದಂತೆ ಸುತ್ತುತ್ತಿತ್ತು.

"ಕಳಿಸಿ ಸಾರ್. ಹಸಿ ಪ್ಲಾಸ್ಟರಲ್ಲಿ ನಡೆಸಬಾರ್ದು ಅಂತಾರಲ್ಲ, ಒಣಗೋ ತನಕ ಕಾಯಿರಿ."

ದೊಡ್ಡ ಡಾಕ್ಟರು ಕೂತು ಮಾತಾಡೋಣವೆಂಬಂತೆ ಅತ್ತಿತ್ತ ನೋಡಿದರು. ವಾರ್ಡಿನಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಅವರು ಭಾರವನ್ನು ಬಲಗಾಲಿನಿಂದ ಎಡಗಾಲಿಗೆ ಬದಲಿಸಿದರು. ಸ್ವಲ್ಪ ಹೊತ್ತಿಗೆ ಎಡಗಾಲಿನಿಂದ ಬಲಗಾಲಿಗೆ.

ಕಂಬದಕ್ಕ ಮಾತಿನಮಲ್ಲಿಯ ಮಂಡಿಯನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡಳು.

"ಬಿಸಿ ಹತ್ತಿತೇನೇ?"

"ಹತ್ತುತ್ತಾ ಇದೆ ಅಕ್ಕ."

"ಅಲುಗಾಡಬೇಡ."