ಸತ್ತವರ ಪಟ್ಟಿಯಲ್ಲಿ ಹಾಡುಗಾರನ ಮಗಳು

ಪಿತೃಗಳ ಹದಿನೈದು ದಿನ ವಿಹಾರದ ಆಚಾರ್ಯ ಸತ್ತವರ ಪಟ್ಟಿ ಓದುವಾಗ ರುಮ್‌ಡೂಲ್ ತಾನು ಬರೆಸಿದ ಒಂದೇ ಹೆಸರಿಗೆ ಕಿವಿ ಕೊಟ್ಟು ಕೂರುವವಳು. ನುವೊನ್ ಸರಾತ್, ಅವಳಪ್ಪ. ಒಂದು ಕಾಲಕ್ಕೆ ರೇಡಿಯೋದಲ್ಲಿ ಅವನ ದನಿ ಬಂತೆಂದರೆ ಬಟ್ಟಂಬಂಗಿನ ಕ್ಷೌರದಂಗಡಿಗಳಲ್ಲಿ ಕತ್ತರಿ ನಿಲ್ಲುತ್ತಿತ್ತು. ಬಂದೂಕು ಹಿಡಿದು ದೇಶ ಗೆದ್ದ ಕರಿಬಟ್ಟೆಯವರು ಊರು ಖಾಲಿ ಮಾಡಿಸಿದಾಗ ಅವನನ್ನು ಬೇರೆ ಲಾರಿ ಹತ್ತಿಸಿದರು. ಅವಳಿಗಾಗ ಒಂಬತ್ತು ವರ್ಷ. ಹಾಡುಗಾರರನ್ನು ಹುಡುಕಿ ಹುಡುಕಿ ಕೊಂದ ಕಾಲ ಅದು. ಆಮೇಲೆ ಅವನ ಸುದ್ದಿಯೇ ಇಲ್ಲ.

ಈ ವರ್ಷ ಆ ಹೆಸರು ಎರಡು ಸಲ ಬಂತು. ಎರಡನೆಯ ಸಲ ಅದರ ಬೆನ್ನಿಗೇ ಇನ್ನೊಂದು ಹೆಸರು: "ನುವೊನ್ ರುಮ್‌ಡೂಲ್."

ಅದು ಅವಳದೇ ಹೆಸರು. ಬದುಕಿರುವವಳನ್ನು ಸತ್ತವರ ಸಾಲಿಗೆ ಸೇರಿಸುವುದೆಂದರೆ ಮಾಟವಲ್ಲದೆ ಇನ್ನೇನು? ಮೊದಲು ಅನುಮಾನ ಹೋದದ್ದು ಸಂತೆಯಲ್ಲಿ ಅವಳ ಪಕ್ಕದಲ್ಲೇ ಅಕ್ಕಿ ಶಾವಿಗೆ ಮಾರುವ ಹೊಟ್ಟೆಕಿಚ್ಚಿನವಳ ಮೇಲೆ. ಆದರೆ ಆ ಮಂಕುದಿಣ್ಣೆಗೆ ಇಷ್ಟು ತಲೆ ಎಲ್ಲಿಂದ ಬರಬೇಕು! ಆಮೇಲೆ ನೆನಪಾದವನು, ಹೋದ ತಿಂಗಳು ರಾಜಧಾನಿಯಿಂದ ಬಂದು ಅಪ್ಪನ ಹಾಡುಗಳ ಹಕ್ಕು ಬರೆದುಕೊಡಿ ಎಂದು ಹಲ್ಲು ಕಿರಿದಿದ್ದ ಮನುಷ್ಯ. ಅವಳು ಕಾಗದ ವಾಪಸು ಎಸೆದಿದ್ದಳು. ಮಗಳೂ ಸತ್ತಳು ಅಂತಾದರೆ ಹಾಡುಗಳಿಗೆ ಹಕ್ಕು ಕೇಳುವವರು ಯಾರು? ಅಪ್ಪನದು ಅಂತ ಅವಳಿಗೆ ಉಳಿದದ್ದು ಆ ಹಾಡುಗಳಷ್ಟೆ. ಅವನ್ನೂ ಕಸಿಯಲು ಹೊರಟರಲ್ಲ ಪಾಪಿಗಳು!

ಓದು ಮುಗಿದದ್ದೇ ತಡ, ಆಚಾರ್ಯನನ್ನು ಕಂಬದ ಹತ್ತಿರ ಅಡ್ಡಗಟ್ಟಿದಳು.

"ಯಾರು ಬರೆಸಿದ್ದು ಮಾವ, ನನ್ನ ಹೆಸರು?"

"ನಾನೇನು ಕಂಡೆನೇ? ಕೊಟ್ಟಿದ್ದು ಓದ್ತೀನಿ. ಅಲ್ನೋಡು, ಆ ಯಾನ್ ಅಜ್ಜಿ. ತಂಗಿ ಮಗಳ ಮನೇಲಿ ಇರೋಕೆ ಅಂತ ಈ ವರ್ಷ ಬಂದಿದ್ದಾಳೆ."

ಅಡುಗೆ ಚಪ್ಪರದಲ್ಲಿ ಬೋಳುತಲೆಯ ಸಣಕಲು ಮುದುಕಿಯೊಬ್ಬಳು ನಾಳೆ ಪಿತೃಗಳಿಗೆ ಇಡಲೆಂದು ಎಳ್ಳು ಹಾಕಿ ಅನ್ನದ ಉಂಡೆ ಕಟ್ಟುತ್ತಿದ್ದಳು. ರುಮ್‌ಡೂಲ್ ಹೋಗಿ ಎದುರಿಗೇ ಕುಕ್ಕರಿಸಿದಳು.

"ಸರಾತ್ ನಿಮಗೇನಾಗಬೇಕಜ್ಜಿ?"

"ಗಂಡ."

"ಓಹೋ! ಎಷ್ಟನೇ ಹೆಂಡತಿಯೋ ತಾವು?"

ಮುದುಕಿ ಸಿಟ್ಟಾಗಲಿಲ್ಲ. "ಕರಿಬಟ್ಟೆಯವರು ಮಾಡಿಸಿದ ಮದುವೆ ತಾಯಿ. ಮೂವತ್ತು ಜೋಡೀನ ಸಾಲಾಗಿ ನಿಲ್ಸಿ, ಕೈ ಹಿಡೀರಿ ಅಂದ್ರು. ಅವನ ಮುಖ ನಾನು ನೋಡಿದ್ದೇ ಅವತ್ತು. ಸೈಕಲ್ ರಿಕ್ಷಾದವನು, ಹೆಸರು ಮಿನ್ ಅಂದಿದ್ದ. ಎರಡು ವರ್ಷ ಆದ್ಮೇಲೆ ಜ್ವರ ಬಂತು. ಸಾಯೋ ಹಿಂದಿನ ದಿನ ನಿಜವಾದ ಹೆಸರು ಹೇಳ್ದ."

"ರೇಡಿಯೋ ಹಾಡುಗಾರ ಅಂತ ಗೊತ್ತೇ ಇರ್ಲಿಲ್ವಾ? ಯಾರ ಕಿವಿಗೆ ಹೂವು ಇಡ್ತೀರಿ? ಎಷ್ಟು ಕೊಟ್ಟ ಆ ಪಟ್ಟಣದವನು?"

"ಯಾವ ಪಟ್ಟಣದವನು? ಹಾಡೋದೇನೋ ಹಾಡ್ತಿದ್ದ. ಭತ್ತ ಕುಟ್ಟೋವಾಗ ಮಾತ್ರ, ಒನಕೆ ಸದ್ದಲ್ಲಿ ಬೇರೆಯವರಿಗೆ ಕೇಳಿಸ್ದೆ ಇರೋ ಹಾಗೆ. ಹೊಟ್ಟೆಗಿಲ್ದಿದ್ರೂ ಕುಟ್ಟೋ ಕೆಲ್ಸ ನಾನೇ ಮಾಡ್ತೀನಿ ಅಂತ ಕೇಳಿ ಕೇಳಿ ಹೋಗೋನು."

"ಹಾಗಾದ್ರೆ ಹಾಡಿ ನೋಡೋಣ."

"ನನಗೆ ರೇಡಿಯೋದಲ್ಲಿ ಬರೋ ಹಾಗೆ ಬರಲ್ಲಮ್ಮ. ತಪ್ಪುತಪ್ಪಾಗಿ ಬರುತ್ತೆ."

ಸಿಕ್ಕಿಬಿದ್ದಳು ಕಳ್ಳಿ! ರುಮ್‌ಡೂಲ್ ಸೆರಗು ಬಿಗಿದು ಕೂತಳು. ಅಪ್ಪನ ಹೆಸರಾದ ಹಾಡು ಊರಿಗೆಲ್ಲ ಬಾಯಿಪಾಠ, ನದಿಯ ಹುಡುಗಿಗೆ ದೋಣಿ ನಿಲ್ಲಿಸು ಎಂದು ಬೇಡುವ ಹಾಡು. ಮುದುಕಿ ಉಂಡೆ ಕಟ್ಟುತ್ತಲೇ ಒಡಕು ದನಿಯಲ್ಲಿ ಶುರುಮಾಡಿದಳು. ರಾಗ ಅದೇ. ಮಾತು ಬೇರೆ.

"ರುಮ್‌ಡೂಲ್ ಹುಡುಗಿಯೇ, ಹಲ್ಲುಜ್ಜಿ ಬಾರೇ... ಕಿವಿಯ ಹಿಂದೆ ಮಣ್ಣಿದೆ, ತೊಳೆದು ಬಾರೇ..."

ಆ ಮಾತುಗಳು ಯಾವ ರೆಕಾರ್ಡಿನಲ್ಲೂ ಇರಲಿಲ್ಲ. ಇದ್ದದ್ದು ಅವರ ಮನೆಯ ಹಿತ್ತಲಲ್ಲಿ, ನೀರಿನ ಹಂಡೆಯ ಪಕ್ಕ, ಬೆಳಿಗ್ಗೆ ಬೆಳಿಗ್ಗೆ ಹಟ ಮಾಡುವ ಹುಡುಗಿಯ ಮುಂದೆ. ರುಮ್‌ಡೂಲಳ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಅವಳಿಗೆ ಅಳು ಒತ್ತರಿಸಿ ಬಂತು.

"ಮಗಳು ಹಸಿವಿಗೆ ಹೋದ್ಲು ಅಂತ ಅವನಿಗೆ ಯಾರೋ ಹೇಳಿದ್ರಂತೆ," ಮುದುಕಿ ಅಂದಳು. "ನಂದು ಬಿಟ್ರೂ ಪರ್ವಾಗಿಲ್ಲ, ಅವಳ ಉಂಡೆ ಮಾತ್ರ ಬಿಡಬೇಡ ಅಂದ. ಒಂದು ವರ್ಷಾನೂ ಬಿಟ್ಟಿಲ್ಲ ತಾಯಿ. ನೀನ್ಯಾಕೆ ಅಳ್ತೀಯೆ? ನೀನ್ಯಾರು?"

"ಅಜ್ಜಿ, ನಾನೇ ರುಮ್‌ಡೂಲ್."

ಈಗ ಅನುಮಾನ ಪಡುವ ಸರದಿ ಮುದುಕಿಯದು. ಅಂಟುಗೈ ಚಾಚಿ ರುಮ್‌ಡೂಲಳ ಕೆನ್ನೆ, ಗಲ್ಲ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ಅವನದೇ ಗಲ್ಲ," ಎಂದಳು ಕೊನೆಗೆ. "ಅಯ್ಯೋ ಮಗಳೇ! ಹಾಗಾದ್ರೆ ಇಷ್ಟು ವರ್ಷ ನಿನ್ನ ಪಾಲಿನ ಉಂಡೆ ಯಾರು ತಿಂದ್ರೇ?"

"ಯಾರೋ ಹಸಿದೋರು ತಿಂದಿರ್ತಾರೆ ಬಿಡಿ ಚಿಕ್ಕಮ್ಮ," ಎಂದು ರುಮ್‌ಡೂಲ್ ಕಣ್ಣೊರೆಸಿಕೊಂಡು ಅಂಗೈ ಚಾಚಿದಳು. "ಈ ವರ್ಷದ್ದು ನನ್ನ ಕೈಗೇ ಕೊಡಿ."

ಚಿಕ್ಕಮ್ಮ ಆಗಷ್ಟೇ ಕಟ್ಟಿದ ಉಂಡೆಯನ್ನು ಅವಳ ಕೈಯಲ್ಲಿಟ್ಟಳು. ಅವಳು ಅಲ್ಲೇ ಕೂತು ಒಂದು ಅಗುಳೂ ಬಿಡದೆ ತಿಂದಳು.